ಆಯ್ತು ಅಂದದ್ದು

ಮುಳಬಾಗಿಲಿನಿಂದ ನಂಗಲಿಗೆ ಹೋಗುವ ಹೆದ್ದಾರಿ ಬಿಟ್ಟು ಒಂದು ಫರ್ಲಾಂಗು ಒಳಗೆ ಬಂದರೆ, ಹೊಲಗಳ ನಡುವೆ ನಮ್ಮದೊಂದೇ ಮನೆ. ಮನೆ ಎಂದರೆ ಎರಡು ಕಟ್ಟಡ. ನಾವು ಉಂಡು ಮಲಗುತ್ತಿದ್ದ ಹೆಂಚಿನ ಮನೆ ಒಂದು. ಅಂಗಳದ ಆಚೆ, ಕೂಗಿದರೆ ಅರ್ಧ ಕೇಳಿ ಅರ್ಧ ಕೇಳದಷ್ಟು ದೂರದಲ್ಲಿ, ರೇಷ್ಮೆ ಹುಳ ಸಾಕುವ ಹುಳದ ಮನೆ ಇನ್ನೊಂದು. ಎರಡರಲ್ಲಿ ಚೆನ್ನಾಗಿದ್ದುದು ಹುಳದ ಮನೆಯೇ. ಸಿಮೆಂಟಿನ ನೆಲ, ನೊಣ ಬರದಂತೆ ಬಲೆ ಹೊಡೆದ ಕಿಟಕಿ, ಬೆಳೆಗೊಮ್ಮೆ ಸುಣ್ಣ, ಎಲ್ಲವೂ ಮೊದಲು ಅದಕ್ಕೆ. ಹುಳಕ್ಕೆ ಸೊಪ್ಪು ಹಾಕುವ ಮೊದಲು ನಮ್ಮ ತಟ್ಟೆಗೆ ಮುದ್ದೆ ಬೀಳುತ್ತಿರಲಿಲ್ಲ. ಆ ಎರಡು ಕಟ್ಟಡಗಳ ನಡುವೆ, ಹುಣಸೆ ಮರದ ಕೆಳಗೆ, ಅವ್ವ ಕೂತಿರುತ್ತಿದ್ದಳು. ನಮ್ಮ ಕಡೆ ಅಜ್ಜಿಯನ್ನು ಅವ್ವ ಎನ್ನುವುದು ರೂಢಿ. ಅವಳು ಅಪ್ಪನ ತಾಯಿ. ಅಪ್ಪ ಅಮ್ಮ ಇಬ್ಬರೂ ಶ್ರೀನಿವಾಸಪುರದ ಕಡೆ ಹಳ್ಳಿ ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದು, ವರ್ಗಾವಣೆಯ ಕಾಟಕ್ಕೆ ಬೇಸತ್ತು ನನ್ನನ್ನು ಅವ್ವನ ಬಳಿ ಬಿಟ್ಟಿದ್ದರು. ಹಾಗಾಗಿ ಮನೆಯಲ್ಲಿ ಅವ್ವ, ಚಿಕ್ಕಪ್ಪ, ಚಿಕ್ಕಮ್ಮ, ನಾನು. ನಾಲ್ಕೇ ಜನ.

ಹುಳದ ಮನೆಯಲ್ಲಿದ್ದವರಿಗೆ ಅಡುಗೆಮನೆಯವರ ಮಾತು ಮುಟ್ಟಬೇಕಾದರೆ ಅದು ಅವ್ವನ ಮೂಲಕವೇ ಹೋಗಬೇಕು. ಅವಳು ಮಾತನ್ನು ಬರೀ ದಾಟಿಸುತ್ತಿರಲಿಲ್ಲ, ಭಾಷೆಯನ್ನೂ ಬದಲಿಸುತ್ತಿದ್ದಳು. ಮಾಲೂರಿನ ಕಡೆಯಿಂದ ಬಂದ ಚಿಕ್ಕಮ್ಮನೂ ನಾನೂ ಕನ್ನಡ ಆಡುತ್ತಿದ್ದೆವು. ಅವ್ವ ಮತ್ತು ಅವಳ ಮಕ್ಕಳ ನಡುವೆ ತೆಲುಗು. ಚಿಕ್ಕಮ್ಮ "ಸಾರಿಗೆ ಸೊಪ್ಪು ಕಿತ್ಕೊಂಡು ಬರ್ಬೇಕಂತ ಹೇಳಿ ಅತ್ತೆ" ಎಂದರೆ ಅದು ಅಂಗಳ ದಾಟುವಷ್ಟರಲ್ಲಿ ತೆಲುಗಾಗಿ, ಜೊತೆಗೆ ಅವ್ವನ ಒಂದು ಬೈಗುಳವನ್ನೂ ಸೇರಿಸಿಕೊಂಡು ಚಿಕ್ಕಪ್ಪನನ್ನು ಮುಟ್ಟುತ್ತಿತ್ತು. ಅವನ ಉತ್ತರ ಕನ್ನಡವಾಗಿ ಹಿಂದಿರುಗುತ್ತಿತ್ತು. ಇದು ನಮಗೆ ವಿಚಿತ್ರ ಅನ್ನಿಸಿದ್ದೇ ಇಲ್ಲ.

ಚಿಕ್ಕಪ್ಪ ಮುಳಬಾಗಿಲಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುಟ್ಟ ಪಂಪ್‌ಸೆಟ್ ಬಿಚ್ಚಿ, ಕೂದಲಿನಂಥ ತಾಮ್ರದ ತಂತಿಯನ್ನು ಸುತ್ತಿ ಮತ್ತೆ ಜೀವ ಕೊಡುವ ಕೆಲಸ. ಎಷ್ಟು ಸುತ್ತು ಆಯಿತೆಂದು ಬಾಯಲ್ಲಿ ಎಣಿಸುತ್ತಿರಲಿಲ್ಲ. ಬೆರಳಿಗೇ ಗೊತ್ತಾಗುತ್ತದೆ ಎನ್ನುತ್ತಿದ್ದ. ಒಮ್ಮೆ ನಂಗಲಿಯ ಹತ್ತಿರ ಡೈನಮೋ ಕೆಟ್ಟು ನಿಂತ ಲಾರಿಯನ್ನು ಅವನು ಸರಿ ಮಾಡಿಕೊಟ್ಟ. ಮದ್ರಾಸಿನ ಬಂದರಿನಿಂದ ಹಳೇ ಪರದೇಶದ ಸಾಮಾನು ತುಂಬಿಕೊಂಡು ಬಂದಿದ್ದ ಆ ಡ್ರೈವರ್ ಖುಷಿಯಲ್ಲಿ ಒಂದು ಬೂದು ಬಣ್ಣದ ಡಬ್ಬಿ ಕೊಟ್ಟ. ವಿಡಿಯೋ ಗೇಮ್. ಅದರಲ್ಲಿ ಸಿಕ್ಕಿಸಿದ್ದ ಒಂದೇ ಒಂದು ಕ್ಯಾಸೆಟ್‌ನ ಮೇಲೆ ಜಪಾನಿ ಅಕ್ಷರ ಮತ್ತು ಒಂದು ಹಸು. ಆ ಡಬ್ಬಿಗೆ ನಮ್ಮ ಕರೆಂಟು ಹೆಚ್ಚಾಗುತ್ತದೆ ಎಂದು ಚಿಕ್ಕಪ್ಪ ಎರಡು ಸಂಜೆ ಕೂತು, ವೋಲ್ಟೇಜು ಇಳಿಸುವ ಪುಟ್ಟ ಟ್ರಾನ್ಸ್‌ಫಾರ್ಮರನ್ನು ಕೈಯಲ್ಲೇ ಸುತ್ತಿದ. ಟೀವಿಗೆ ಹಾಕಿದಾಗ ಚಿತ್ರ ಬಂತು, ಬಣ್ಣ ಬರಲಿಲ್ಲ. ನಮ್ಮ ಟೀವಿಗೂ ಆ ದೇಶದ ಬಣ್ಣಕ್ಕೂ ಹೊಂದುವುದಿಲ್ಲವೆಂದು ಅವನು ಹೇಳಿದ. ನನಗೆ ಆಗ ಹನ್ನೆರಡು. ಕಪ್ಪು ಬಿಳುಪಿನಲ್ಲಿ, ಒಂದಕ್ಷರವೂ ಓದಲಾಗದೆ, ನಾನು ಬೇಸಾಯ ಶುರು ಮಾಡಿದೆ.

ಕೋಲಾರ ಸೀಮೆಯ ಹುಡುಗಿ ಟೀವಿಯೊಳಗೆ ಟೊಮೇಟೊ ಬೆಳೆಯುವುದೆಂದರೆ ನಗು ಬರಬೇಕು. ಹೊರಗೆ ಕಿಟಕಿಯಲ್ಲಿ ನೋಡಿದರೆ ಕಡ್ಡಿ ನೆಟ್ಟು ಕಟ್ಟಿದ ನಿಜವಾದ ಟೊಮೇಟೊ ಸಾಲು, ಅದರಾಚೆ ಹಿಪ್ಪುನೇರಳೆ ತೋಟ. ಅಲ್ಲಿ ಕೆಲಸ ಹೇಳಿದರೆ ನನಗೆ ಸೊಂಟ ನೋವು. ಟೀವಿಯ ಹುಡುಗ ಮಾತ್ರ ನಾನು ಹೇಳಿದಷ್ಟೂ ಅಗೆಯುತ್ತಿದ್ದ. ಅವ್ವ ಎಲೆ ಅಡಿಕೆ ಮೆಲ್ಲುತ್ತ ನನ್ನ ಹಿಂದೆ ಕೂತು ಅವನ ಬೇಸಾಯದಲ್ಲಿ ತಪ್ಪು ಹುಡುಕುತ್ತಿದ್ದಳು.

"ಒಕ್ಕಡೇ ಚೇಸ್ತಾಡಾ ಅಂತಾ? ಕೂಲಿಯೋರು ಇಲ್ವೇನೆ ಇವನಿಗೆ?"

"ಇಲ್ಲವ್ವ. ಎಲ್ಲ ಇವನೇ ಮಾಡ್ಬೇಕು."

"ಪೆಳ್ಳಾಂ?"

"ಮದುವೆ ಆಮೇಲೆ ಆಗ್ಬೋದು ಅನ್ಸುತ್ತೆ. ಓದಕ್ಕೆ ಬರಲ್ವಲ್ಲ."

"ಹಣ್ಣು ಕೆಂಪಾಯ್ತೋ ಇಲ್ಲವೋ ಹೆಂಗ್ ಗೊತ್ತಾಗ್ತದೆ ನಿಂಗೆ? ಎಲ್ಲಾ ಬೂದಿ ಬಣ್ಣ."

"ಕಿತ್ತು ನೋಡ್ತೀನಿ."

"ಕಿತ್ ಮೇಲೆ ಏನ್ ನೋಡ್ತೀಯ, ಬೆಪ್ಪೇ."

ಕಿತ್ತ ಹಣ್ಣನ್ನು ಹುಡುಗ ಮನೆ ಮುಂದಿನ ಪೆಟ್ಟಿಗೆಗೆ ಹಾಕಿದರೆ ಸಾಕು, ಸಂಜೆಗೆ ಯಾರೋ ಬಂದು ಒಯ್ಯುತ್ತಿದ್ದರು. ಅವ್ವನಿಗೆ ಇದನ್ನು ನಂಬಲು ಆಗಲೇ ಇಲ್ಲ. ದಲ್ಲಾಳಿ ಯಾರು, ಮಂಡಿ ಎಲ್ಲಿ, ಕೊಳೆತದ್ದು ಅಂತ ಎಸೆಯುವವರು ಯಾರು ಎಂದು ದಿನಾ ಕೇಳುತ್ತಿದ್ದಳು. ಕೊನೆಗೆ ಅವಳೇ ತೀರ್ಮಾನ ಮಾಡಿದಳು: ಜಪಾನಿನವರು ಒಳ್ಳೆಯ ಜನ.

ಆ ಆಟದಲ್ಲಿ ಒಂದು ಕಟ್ಟುಪಾಡು ಇತ್ತು. ದಿನವಿಡೀ ಮಾಡಿದ ಕೆಲಸ ಉಳಿಯಬೇಕಾದರೆ ಹುಡುಗ ಮನೆಗೆ ಹೋಗಿ, ದಿನಚರಿಯ ಪುಸ್ತಕ ತೆರೆದು ಬರೆದು, ಮಲಗಬೇಕು. ಅದಕ್ಕೂ ಮುಂಚೆ ಕರೆಂಟು ಹೋದರೆ ಆ ದಿನ ಇಲ್ಲವೇ ಇಲ್ಲ. ಅಗೆದ ನೆಲ ಮತ್ತೆ ಬೀಳುಬಿದ್ದಿರುತ್ತದೆ. ನಮ್ಮ ಕಡೆ ಕರೆಂಟು ಹೇಳಿ ಕೇಳಿ ಹೋಗುತ್ತಿರಲಿಲ್ಲ. ಎಷ್ಟು ದಿನಗಳನ್ನು ಹಾಗೆ ಕಳೆದುಕೊಂಡಿದ್ದೆನೋ. ಹುಡುಗನನ್ನು ಮಲಗಿಸುವುದು ನನಗೆ ಒಂದು ಚಟವೇ ಆಯಿತು.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಮೊದಲು ನಮ್ಮ ಮನೆಯಲ್ಲಿ ಅದನ್ನು ಹೇಗೆ ಹೇಳುತ್ತಾರೋ ಹಾಗೆಯೇ ಹೇಳುತ್ತೇನೆ.

ಆ ಬೆಳೆಯ ರೇಷ್ಮೆಗೂಡು ಮಾರುಕಟ್ಟೆಗೆ ಹೋಗಿತ್ತು. ಚಿಕ್ಕಪ್ಪ, ಚಿಕ್ಕಮ್ಮ ಬೆಳಿಗ್ಗೆಯಿಂದ ಹುಳದ ಮನೆಗೆ ಬ್ಲೀಚಿಂಗ್ ಪುಡಿಯ ನೀರು ಹೊಡೆದು ತೊಳೆದಿದ್ದರು. ನೆಲ ಪೂರ್ತಿ ಒದ್ದೆ. ಚಿಕ್ಕಮ್ಮ ಹುಳ ಸಾಕುವ ತಟ್ಟೆಗಳನ್ನು ತೊಳೆಯಲು ಬಾವಿ ಹತ್ತಿರ ಒಯ್ದಿದ್ದಳು. ತೊಲೆಯ ಮೇಲೆ ಬಲ್ಬಿಗೆ ಹೋಗುವ ವೈರನ್ನು ಇಲಿ ಕಡಿದು ಒಳಗಿನ ತಂತಿ ಕಾಣುತ್ತಿದ್ದುದನ್ನು ಚಿಕ್ಕಪ್ಪ ನೋಡಿದ. ಅದನ್ನು ಕೂಡಿಸಬೇಕು. ಸ್ವಿಚ್ಚನ್ನು ನಂಬುವವನಲ್ಲ ಅವನು. ಯಾವಾಗಲೂ ಮೇನ್ ಇಳಿಸಿಯೇ ಕೈ ಹಾಕುತ್ತಿದ್ದ. ಮೇನ್ ಇದ್ದುದು ಹೆಂಚಿನ ಮನೆಯ ನಡುಮನೆಯಲ್ಲಿ, ಬಾಗಿಲ ಹಿಂದೆ, ನಾನು ಕೂತಿದ್ದ ಚಾಪೆಯಿಂದ ನಾಲ್ಕು ಹೆಜ್ಜೆ. ಅವನು ಅವ್ವನಿಗೆ ಹೇಳಿದ. ಅವ್ವ ಬಾಗಿಲಿಗೆ ಬಂದಳು.

"ರೇಣೂ, ಮೇನ್ ತೆಗೀಬೇಕಂತೆ, ಚಿಕ್ಕಪ್ಪ ಹೇಳ್ದ."

"ಆಯ್ತು," ಎಂದೆ.

ಕನ್ನಡದಲ್ಲಿ ಆಯ್ತು ಎಂದರೆ ಮಾಡಿದೆ ಎಂದೂ ಆಗುತ್ತದೆ, ಸರಿ ಮಾಡುತ್ತೇನೆ ಎಂದೂ ಆಗುತ್ತದೆ. ತೆಲುಗಿಗೆ ಹಾಕುವಾಗ ಒಂದನ್ನು ಆರಿಸಿಕೊಳ್ಳಲೇಬೇಕು. 'ಸರೇ' ಎಂದರೆ ಮಾಡುತ್ತಾಳಂತೆ. 'ಅಯಿಂದಿ' ಎಂದರೆ ಮಾಡಿ ಮುಗಿಸಿದಳು. ಅವ್ವ ಅಂಗಳ ದಾಟಿ ಹುಳದ ಮನೆಯ ಹೊಸ್ತಿಲಲ್ಲಿ ನಿಂತು ಚಿಕ್ಕಪ್ಪನಿಗೆ ಹೇಳಿದಳು:

"ಅಯಿಂದಂಟ ರಾ."

ಚಿಕ್ಕಪ್ಪ ಸ್ಟೂಲಿನ ಮೇಲೆ ಬರಿಗಾಲಲ್ಲಿ, ಎಡಗೈಯಲ್ಲಿ ಒದ್ದೆ ಗೋಡೆಯನ್ನು ಒತ್ತಿ ಹಿಡಿದು ನಿಂತಿದ್ದ. ಬಲಗೈಯ ಬೆರಳುಗಳಿಂದ ತಂತಿ ಹಿಡಿದ. ಕರೆಂಟು ಅವನನ್ನು ಹಿಡಿದುಕೊಂಡಿತು. ಅವ್ವ "ತೀಯವೇ, ತೀಯವೇ", ತೆಗಿಯೇ ತೆಗಿಯೇ ಎಂದು ಕೂಗಿದ್ದು ನನಗೆ ಕೇಳಿಸಿತು. ನಾನು ಓಡಿ ಮೇನ್ ಎಳೆದೆ. ಅಷ್ಟರಲ್ಲಿ ಅವಳು ತಟ್ಟೆ ಜೋಡಿಸುವ ಬಿದಿರು ಗಳುವಿನಿಂದ ಅವನ ಮೊಣಕೈಗೆ ಬಲವಾಗಿ ಹೊಡೆದು ಬಿಡಿಸಿದ್ದಳು. ಅವನು ಒದ್ದೆ ನೆಲಕ್ಕೆ ಬಿದ್ದ. ನಾನು ಅಲ್ಲಿಗೆ ಹೋದಾಗ ಬ್ಲೀಚಿಂಗ್ ಪುಡಿಯ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಇತ್ತು. ಅದನ್ನು ಏನೆಂದು ಹೇಳುವುದಿಲ್ಲ. ಹೆದ್ದಾರಿಯಲ್ಲಿ ಹೋಗುತ್ತಿದ್ದ ತರಕಾರಿ ಲಾರಿಯನ್ನು ನಿಲ್ಲಿಸಿ ಅವನನ್ನು ಕೋಲಾರದ ಆಸ್ಪತ್ರೆಗೆ ಸಾಗಿಸಿದರು.

ಜೀವ ಉಳಿಯಿತು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸುಟ್ಟು, ವಾಸಿಯಾಗುತ್ತ ಕೊಕ್ಕೆಯಂತೆ ಬಾಗಿ ನಿಂತವು. ಮುದ್ದೆ ಮುರಿಯಬಹುದು, ಗುದ್ದಲಿ ಹಿಡಿಯಬಹುದು. ತಾಮ್ರದ ತಂತಿ ಸುತ್ತಲು ಆಗುವುದಿಲ್ಲ. ಮುಳಬಾಗಿಲಿನ ಅಂಗಡಿಯನ್ನು ಆ ವರ್ಷವೇ ಬಿಟ್ಟುಕೊಟ್ಟ. ಕೆಲವರು ಸುಟ್ಟ ಮೋಟಾರನ್ನು ಮನೆಗೇ ತಂದು "ಅಣ್ಣಾ, ನೀನು ಹೇಳ್ತಾ ಹೋಗು, ನಾನು ಸುತ್ತುತೀನಿ" ಎಂದದ್ದುಂಟು. ಅವನು ನಕ್ಕು ಕಾಫಿ ಕುಡಿಸಿ ಕಳಿಸುತ್ತಿದ್ದ. "ಟೆಸ್ಟರ್ ಇಟ್ಟು ನೋಡ್ಬೇಕಿತ್ತು, ನಂದೇ ತಪ್ಪು," ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಅವ್ವ ಅದನ್ನು ಒಪ್ಪುತ್ತಿರಲಿಲ್ಲ. ಆಸ್ಪತ್ರೆಯ ವರಾಂಡದಲ್ಲೇ ಚಿಕ್ಕಮ್ಮ ಅವಳನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಕಿವಿ ಸರಿಯಾಗಿ ಕೇಳದಿದ್ರೆ ಕೇಳಲ್ಲ ಅನ್ಬೇಕು ಅತ್ತೆ. ಮಗು ಸರಿ ಅಂದ್ರೆ ಮುಗೀತು ಅಂತ ಹೋಗಿ ಹೇಳೋದಾ?"

"ನಾ ತಪ್ಪೇನಮ್ಮಾ," ಎಂದಳು ಅವ್ವ. ನನ್ನದೇ ತಪ್ಪು.

ಅಷ್ಟೇ. ನಾನು ಅಲ್ಲಿಯೇ, ಬೆಂಚಿನ ತುದಿಯಲ್ಲಿ ಕೂತಿದ್ದೆ. ಮಗು ಎಂದರೆ ನಾನು.

ಅಂದಿನಿಂದ ಚಿಕ್ಕಮ್ಮ ಅವ್ವನ ಜೊತೆ ಮಾತು ಬಿಟ್ಟಳು. ಬೇರೆ ಯಾವುದರಲ್ಲೂ ಕಮ್ಮಿ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಬಿಸಿನೀರು, ಮೆತ್ತಗೆ ಮುದ್ದೆ, ಒಗೆದ ಸೀರೆ. ಕೊನೆಯ ತಿಂಗಳುಗಳಲ್ಲಿ ಅವ್ವ ಹಾಸಿಗೆ ಹಿಡಿದಾಗ ಮಗ್ಗುಲು ಹೊರಳಿಸಿ, ಮೈ ಒರೆಸಿದವಳೂ ಅವಳೇ. ಮಾತು ಮಾತ್ರ ಇಲ್ಲ. ಅವ್ವ ಎರಡು ಮಾರು ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದರೂ ಚಿಕ್ಕಮ್ಮ ನನ್ನನ್ನು ಕರೆದು ಹೇಳುತ್ತಿದ್ದಳು:

"ನಿಮ್ಮವ್ವಂಗೆ ಹೇಳು, ಊಟಕ್ಕೆ ಇಟ್ಟಿದೀನಿ ಅಂತ."

ನಾನು ಹೇಳುತ್ತಿದ್ದೆ. ಏಳು ವರ್ಷ ಹೇಳಿದೆ. ಅವ್ವ ಹುಣಸೆ ಮರದ ಕೆಳಗೆ ಕೂರುವುದನ್ನು ಬಿಟ್ಟಳು. ಯಾರಾದರೂ ಏನಾದರೂ ಹೇಳಿ ಬಾ ಎಂದರೆ "ನೀವೇ ಹೋಗಿ ಹೇಳ್ಕೊಳ್ಳಿ, ನನ್ ಬಾಯಿ ಸರಿ ಇಲ್ಲ" ಎನ್ನುತ್ತಿದ್ದಳು. ಹುಳದ ಮನೆಗೂ ಅಡುಗೆಮನೆಗೂ ನಡುವೆ ಎಲ್ಲರೂ ತಾವೇ ನಡೆದಾಡತೊಡಗಿದರು.

ನಾನು ಓದಿದೆ, ಕೋಲಾರದಲ್ಲೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಕೆಲಸ ಸಿಕ್ಕಿತು, ಬಾಡಿಗೆ ಮನೆಯ ಒಂದು ಗೋಡೆ ತುಂಬ ಹಳೆಯ ವಿಡಿಯೋ ಗೇಮುಗಳನ್ನು ಕೂಡಿಹಾಕಿದೆ. ಸಹೋದ್ಯೋಗಿಗಳಿಗೆ ಇದು ತಮಾಷೆ. ಹೋರಾಟದ ಆಟ, ಕಾರಿನ ಆಟ ಯಾವುದೂ ನನ್ನಲ್ಲಿಲ್ಲ. ಎಲ್ಲವೂ ಬೇಸಾಯದ ಆಟಗಳು. ಕ್ಯಾಸೆಟ್‌ನ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸುತ್ತೇನೆ, ಒಳಗಿನ ಬಿಲ್ಲೆ ಬ್ಯಾಟರಿ ಬದಲಿಸುತ್ತೇನೆ. ಇಂಟರ್‌ನೆಟ್ಟಿನಲ್ಲಿ ನನ್ನಂಥವರು ಸಿಗುತ್ತಾರೆ. ಯಾವ ಆಟ ಹೆಚ್ಚು ಎಂದು ನಮ್ಮ ನಡುವೆ ಮುಗಿಯದ ಜಗಳ. ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರದ್ದೊಂದಿದೆ: ಅಂಗೈಯಗಲದ ನೆಲ, ಮಾತಾಡಿಸಲು ಊರೂ ಇಲ್ಲದ ಒಂಟಿ ಬೇಸಾಯ, ಬಸ್ಸಿಗೆ ಕಾಯುವಾಗ ಆಡಲು ಅದೇ ಒಳ್ಳೆಯದು. ಆಮೇಲೆ ಬಂದ ಡಿಸ್ಕಿನ ಆಟ ಒಂದಿದೆ. ಅದರಲ್ಲಿ ಹಸು ಈದರೆ ಮಾತ್ರ ಹಾಲು, ಸ್ವಲ್ಪ ಕಾಲ ಕರೆದ ಮೇಲೆ ಬತ್ತುತ್ತದೆ, ಊರಿನವರಿಗೆ ವಯಸ್ಸಾಗುತ್ತದೆ, ಸಾಯುತ್ತಾರೆ. ಬೇಸಾಯ ಗೊತ್ತಿದ್ದವರು ಮಾಡಿದ ಆಟ ಅದು. ನನ್ನ ಮೆಚ್ಚಿನದು ಯಾವುದೆಂದು ಕೇಳಿದರೆ ಅದನ್ನೇ ಹೇಳುತ್ತೇನೆ. ಆದರೆ ನಾನು ಪ್ರತಿ ಹೊಸ ಆಟದಲ್ಲೂ ಮೊದಲು ನೋಡುವುದು ಹಸುವನ್ನಲ್ಲ, ಬೆಳೆಯನ್ನಲ್ಲ. ನಡುವೆ ಎದ್ದು ಹೋಗಬೇಕಾದರೆ ಇದು ಬಿಡುತ್ತದೆಯೇ ಎಂದು ನೋಡುತ್ತೇನೆ. ಹೊಲದ ನಡುವೆಯೇ ಗುಂಡಿ ಒತ್ತಿ, ಇದ್ದಲ್ಲೇ ನಿಲ್ಲಿಸಿ, ಏಳಬಹುದಾದ ಆಟಗಳಿವೆ. ಅಂಥದ್ದು ಸಿಕ್ಕಾಗ ಅದು ಎಷ್ಟೇ ಸಪ್ಪೆಯಿದ್ದರೂ ತಂದಿಟ್ಟುಕೊಳ್ಳುತ್ತೇನೆ. ಜಪಾನಿ ಬೂದು ಡಬ್ಬಿಯ ಆ ಮೊದಲ ಆಟವನ್ನು ಮೂವತ್ತು ದಾಟಿದ ಮೇಲೆ ಸರಿಯಾದ ಟೀವಿಯಲ್ಲಿ ಒಮ್ಮೆ ಹಾಕಿ ನೋಡಿದೆ. ಟೊಮೇಟೊ ಎಂಥ ಕೆಂಪು. ಹತ್ತು ನಿಮಿಷವೂ ಆಡಲಾಗಲಿಲ್ಲ.

ಆಡಲಾಗದೆ ಎದ್ದದ್ದು ಯಾಕೆಂದರೆ, ನಮ್ಮ ಮನೆಯಲ್ಲಿ ಹೇಳುವ ಕತೆಯಲ್ಲಿ ಒಂದು ಸಾಲು ಇಲ್ಲ.

ಅವ್ವ ಬಂದು ಮೇನ್ ತೆಗೀಬೇಕಂತೆ ಎಂದಾಗ ನಾನು ಆಯ್ತು ಎಂದದ್ದು ನಿಜ. ಮಾಡುತ್ತೇನೆ ಎಂಬ ಅರ್ಥದಲ್ಲೇ ಅಂದದ್ದು. ಆಗ ಟೀವಿಯ ಹುಡುಗ ಹೊಲದ ಕೊನೆಯ ಸಾಲಿನಲ್ಲಿದ್ದ. ಇಡೀ ಹೊಲದ ಟೊಮೇಟೊ ಆ ದಿನ ಕಿತ್ತಾಗಿತ್ತು. ಅವನು ಮನೆಗೆ ನಡೆದು, ದಿನಚರಿ ಬರೆದು, ಮಲಗಬೇಕು. ಅರ್ಧ ನಿಮಿಷ ಸಾಕು ಎಂದು ಲೆಕ್ಕ ಹಾಕಿದೆ. ಆದರೆ ಅವ್ವ ಹೋಗಲಿಲ್ಲ. ಅವಳಿಗೆ ನನ್ನ ಆಯ್ತುಗಳ ಪರಿಚಯವಿತ್ತು. ಸೊಪ್ಪು ಬಿಡಿಸು ಎಂದರೂ ಆಯ್ತು, ಸ್ನಾನಕ್ಕೆ ಏಳು ಎಂದರೂ ಆಯ್ತು. ಬಾಗಿಲಲ್ಲೇ ನಿಂತು, ಕತ್ತಲ ನಡುಮನೆಯೊಳಗೆ ಬಿಸಿಲಿನಿಂದ ಬಂದ ಕಣ್ಣು ಕಿರಿದು ಮಾಡಿ, ಮತ್ತೆ ಕೇಳಿದಳು.

"ಆಯ್ತಾ? ತೆಗ್ದಾಯ್ತಾ?"

"ಆಯ್ತು ಹೋಗವ್ವ," ಎಂದೆ.

ಈ ಆಯ್ತುವಿಗೆ ಎರಡು ಅರ್ಥವಿಲ್ಲ. ಟೀವಿಯ ಸದ್ದನ್ನು ನಾನು ಆಗಲೇ ಪೂರ್ತಿ ಇಳಿಸಿದ್ದೆ. ಅವಳು ನಿಂತ ಕಡೆಯಿಂದ ಟೀವಿಯ ಬೆನ್ನು ಮಾತ್ರ ಕಾಣುತ್ತಿತ್ತು. ಅವ್ವ ಸರಿಯಾಗಿಯೇ ಕೇಳಿಸಿಕೊಂಡಳು, ಸರಿಯಾದ ತೆಲುಗು ಪದವನ್ನೇ ಆರಿಸಿದಳು. ಅವಳು ಅಂಗಳ ದಾಟುವುದಕ್ಕೆ ಹಿಡಿಯುವ ಹೊತ್ತು ನನಗೆ ಗೊತ್ತಿತ್ತು. ಮೊಣಕಾಲು ನೋವಿನವಳು, ನಿಧಾನ. ಅಷ್ಟರಲ್ಲಿ ಮುಗಿಸಬಹುದು ಎಂದುಕೊಂಡೆ. ಈಗಲೂ ಆ ಹೊತ್ತನ್ನು ಎಣಿಸುತ್ತೇನೆ. ಕಾಲೇಜಿನಲ್ಲಿ ಪಾಠ ಮಾಡುತ್ತಿರುವಾಗ, ಹಾಲು ಕಾಯಿಸುವಾಗ, ಎಣಿಕೆ ತಾನಾಗಿ ಶುರುವಾಗುತ್ತದೆ. ಹುಡುಗ ಬಾಗಿಲು ತೆರೆದ. ಪುಸ್ತಕ ತೆರೆದ. ಅವ್ವ ಮರ ದಾಟಿದಳು. ಹುಡುಗ ಬರೆದ. ಅವ್ವ ಹೊಸ್ತಿಲು. ಹುಡುಗ ಹಾಸಿಗೆಗೆ ಹೋದ. ಎಷ್ಟು ಸಲ ಎಣಿಸಿದರೂ ಕೂಗು ಅಲ್ಲೇ ಬರುತ್ತದೆ. ನನ್ನ ವಿದ್ಯಾರ್ಥಿಗಳು ರೆಕಾರ್ಡ್ ಬರೆದಿರಾ ಎಂದರೆ "ಆಯ್ತು ಮೇಡಂ" ಎನ್ನುತ್ತಾರೆ. ಬರೆದೆ ಅನ್ನಿ, ಇಲ್ಲ ಬರೀತೀನಿ ಅನ್ನಿ, ಆಯ್ತು ಅನ್ನಬೇಡಿ ಎಂದು ಗದರುತ್ತೇನೆ. ಅವರಿಗೆ ಅದು ಮೇಡಮ್ಮಿನ ಹುಚ್ಚು.

ಇದಕ್ಕಿಂತ ನಾಚಿಕೆಯದು ಇನ್ನೊಂದಿದೆ. ಚಿಕ್ಕಪ್ಪನನ್ನು ಲಾರಿಗೆ ಹತ್ತಿಸಿದ ಮೇಲೆ, ಅಪ್ಪ ಅಮ್ಮ ಬಂದು ನನ್ನನ್ನು ಆಸ್ಪತ್ರೆಗೆ ಕರೆದೊಯ್ಯುವವರೆಗೆ ನಾನು ಮನೆಯಲ್ಲಿ ಒಬ್ಬಳೇ ಇದ್ದೆ. ಮೇನ್ ಮೇಲಕ್ಕೆತ್ತಿದೆ. ಟೀವಿ ಹಾಕಿದೆ. ಆ ದಿನ ಉಳಿದಿತ್ತು.

ಅವ್ವ ಎರಡನೇ ಸಲ ಕೇಳಿದ್ದನ್ನು ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಚಿಕ್ಕಮ್ಮ ಬೈಯುವಾಗ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಒಂದು ವಾರವಾದ ಮೇಲೆ ನಾನೇ ಧೈರ್ಯ ಮಾಡಿ ಅವಳ ಪಕ್ಕ ಕೂತು ಶುರು ಮಾಡಿದೆ.

"ಅವ್ವಾ, ಆವತ್ತು ನೀನು ಇನ್ನೊಂದ್ಸಲ ಕೇಳ್ದೆಯಲ್ಲ..."

"ನಾಕು ಗುರ್ತು ಲೇದು," ಎಂದಳು. ನೆನಪಿಲ್ಲ. ನನ್ನ ಮುಖ ನೋಡಲಿಲ್ಲ. "ಜಡೆ ಬಿಚ್ಚು, ಎಣ್ಣೆ ಹಚ್ತೀನಿ."

ಹನ್ನೆರಡು ವರ್ಷದವಳಿಗೆ ಅದು ಬಿಡುಗಡೆಯಂತೆ ಕಂಡಿತು. ಹತ್ತೊಂಬತ್ತು ವರ್ಷದವಳಾಗಿದ್ದಾಗ, ಅವಳ ಕೊನೆಯ ದಿನಗಳಲ್ಲಿ, ಅದು ಬಿಡುಗಡೆಯಲ್ಲವೆಂದು ಚೆನ್ನಾಗಿ ಗೊತ್ತಿತ್ತು. ಆಗಲೂ ನಾನು "ಅವ್ವಾ, ಊಟಕ್ಕೆ ಇಟ್ಟಿದಾರಂತೆ" ಎಂದು ಮಾತು ಒಯ್ಯುತ್ತಿದ್ದೆ.

ಹೋದ ವರ್ಷ ಅವ್ವನ ತಿಥಿಗೆ ಹೋಗಿದ್ದೆ. ಊಟ ಮುಗಿದು, ಬಂದವರೆಲ್ಲ ಹೊರಟ ಮೇಲೆ ಮಧ್ಯಾಹ್ನ ಪಡಸಾಲೆಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ನಾನು ಕೂತಿದ್ದೆವು. ಚಿಕ್ಕಮ್ಮ ಯಾವುದೋ ಮಾತಿಗೆ, "ಅತ್ತೆ ಆವತ್ತೊಂದಿನ ಸರಿಯಾಗಿ ಕೇಳಿಸ್ಕೊಂಡಿದ್ರೆ" ಎಂದಳು. ಸಿಟ್ಟಿನಿಂದಲ್ಲ, ಎಷ್ಟೋ ವರ್ಷದ ಅಭ್ಯಾಸದಿಂದ. ನಾನು ಹೇಳಿಬಿಟ್ಟೆ. ಎರಡನೇ ಪ್ರಶ್ನೆ, ಎರಡನೇ ಆಯ್ತು, ಇಳಿಸಿದ್ದ ಸದ್ದು, ಎಲ್ಲವನ್ನೂ. ಹೇಳುವಾಗ ಚಿಕ್ಕಪ್ಪನ ಕೈಯನ್ನೇ ನೋಡುತ್ತಿದ್ದೆ. ಬೈಗುಳ ಬರುವುದಾದರೆ ಅವನಿಂದ ಎಂದುಕೊಂಡಿದ್ದೆ.

"ಚಿಕ್ಕೋಳು ಕಣೇ ನೀನಾಗ," ಎಂದ. ಆಮೇಲೆ ದನಿ ತಗ್ಗಿಸಿ, "ನನ್ನೊಬ್ಬನಿಗೆ ಹೇಳಿದ್ರೆ ಸಾಕಾಗಿತ್ತು. ಇವಳ ಮುಂದೆ ಹೇಳ್ಬಾರ್ದಾಗಿತ್ತು."

ಆಗ ಚಿಕ್ಕಮ್ಮನ ಕಡೆ ತಿರುಗಿದೆ. ನನ್ನ ಭಾರ ಇಳಿಸಿಕೊಳ್ಳುವ ಆತುರದಲ್ಲಿ ಅದು ಎಲ್ಲಿ ಹೋಗಿ ಕೂರುತ್ತದೆಂದು ನಾನು ಯೋಚಿಸಿರಲಿಲ್ಲ. ಅವಳು ಗೋಡೆಗೆ ಒರಗಿದ್ದಳು. ಮಾತಿಲ್ಲದೆ ಬಡಿಸಿದ ಏಳು ವರ್ಷದ ಊಟಗಳು ಒಂದೊಂದಾಗಿ ಅವಳ ಮುಖದ ಮೇಲೆ ಹಾಯುತ್ತಿದ್ದವು.

"ಅತ್ತೆ ಇದ್ದಾಗ ಹೇಳಕ್ಕೆ ಏನಾಗಿತ್ತೇ ನಿಂಗೆ?"

"ಭಯ ಚಿಕ್ಕಮ್ಮ."

"ಯಾರ್ದು?"

"ನಿಂದು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ತಲೆ ಆಡಿಸಿದಳು, ಯಾವುದೋ ಲೆಕ್ಕ ಸರಿಹೋದಂತೆ.

"ಹಂಗಾದ್ರೆ ಆ ಮುದುಕೀನ ನಾವಿಬ್ರೂ ಸೇರ್ಕೊಂಡೇ ಹಂಗೆ ಮಾಡಿದ್ವಿ ಅನ್ನು," ಎಂದಳು.

ಇಲ್ಲ, ನಾನೊಬ್ಬಳೇ ಎನ್ನಬೇಕಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ಅದಕ್ಕಾಗಿ ಕಾದಳು. ನಾನು ಅನ್ನಲಿಲ್ಲ.